ಸೋರೆಕಾಯಿಗೆ ಕುಲಾವಿ

ನಮ್ಮ ಆದವಾನಿ ಕಡೆ ಹೆರಿಗೆಗೂ ಗಂಡಸಿಗೂ ಇರುವ ಸಂಬಂಧ ಕುಬುಸದ ದಿನ ಶಾಮಿಯಾನಾ ಕಟ್ಟಿಸುವಲ್ಲಿ ಶುರುವಾಗಿ, ಆಸ್ಪತ್ರೆಯೆದುರಿನ ಚಹಾದಂಗಡಿ ಬೆಂಚಿನ ಮೇಲೆ ಮುಗಿಯುತ್ತದೆ. ನಡುವೆ ಹುಣಸೆಕಾಯಿ, ಮಾವಿನಕಾಯಿ ಏನು ಬಯಸಿದರೂ ತಂದುಕೊಡುವುದು, ಅಪರಾತ್ರಿಯಲ್ಲಿ ಕರೆದರೆ ಬರುವ ಆಟೋದವನ ನಂಬರು ಬರೆದಿಟ್ಟುಕೊಳ್ಳುವುದು. ಇಷ್ಟು ಮಾಡಿದರೆ ಅವನು ಜವಾಬ್ದಾರಿಯುಳ್ಳ ಗಂಡ. ಹೆರಿಗೆ ಹೇಗಾಗುತ್ತದೆ ಎಂದು ಅವನು ಕೇಳುವುದಿಲ್ಲ, ಅವನಿಗೆ ಯಾರೂ ಹೇಳುವುದೂ ಇಲ್ಲ. ಹೀಗೆ ನೆಮ್ಮದಿಯಾಗಿದ್ದ ನಮ್ಮ ಓಣಿಗೆ, ಗಂಡ ಹೆಂಡತಿ ಜೋಡಿಯಾಗಿ ಕೂತು ಹೆರಿಗೆಯ ಪಾಠ ಕೇಳಬೇಕೆಂಬ ಪದ್ಧತಿಯನ್ನು ತಂದವಳು ಬೆಂಗಳೂರಿನಲ್ಲಿರುವ ನನ್ನ ನಾದಿನಿ.

ಕುಬುಸಕ್ಕೆ ಬಂದವರೆಲ್ಲ ಹಸಿರು ಬಳೆ, ಖಣ, ಸೀರೆ ತಂದರೆ ಆಕೆ ಒಂದು ಆನ್‌ಲೈನ್ ಕ್ಲಾಸಿನ ಫೀಸು ಕಟ್ಟಿ ಬಂದಿದ್ದಳು. ಶನಿವಾರ ಸಂಜೆ, ಮೊಬೈಲಿನಲ್ಲಿ. ಫೀಸು ಎಷ್ಟೆಂದು ನಮ್ಮಜ್ಜಿ ಕೇಳಿದಳು. ನಾನು ಅರ್ಧಕ್ಕೆ ಇಳಿಸಿ ಹೇಳಿದೆ. ಅರ್ಧಕ್ಕೇ ಅಜ್ಜಿ ತಲೆ ಮೇಲೆ ಕೈಯಿಟ್ಟಳು.

"ರೊಕ್ಕ ಕೊಟ್ಟು ಹಡಿಯೋದು ಕಲೀತಾರೇನಪ್ಪಾ? ಕೂಸು ಹುಟ್ಟೋಕ ಮೊದಲ ಕುಲಾವಿ ಹೊಲಿಸಿದಂಗಾತು."

ನಾನು ಕನ್ನಡ ಮಾಧ್ಯಮದ ಶಾಲೆಯ ಮೇಷ್ಟ್ರು. ಪಾಠ ಹೇಳಿ ಗೊತ್ತೇ ಹೊರತು ಕೇಳಿ ಬಹಳ ಕಾಲವಾಗಿತ್ತು. ಮೊದಲ ಶನಿವಾರ ತಂಬಿಗೆಗೆ ಮೊಬೈಲು ಒರಗಿಸಿ, ಅಜ್ಜಿಯ ಕೌದಿ ಹಾಸಿಕೊಂಡು ಇಬ್ಬರೂ ಕೂತೆವು. ಪರದೆ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಬೆಂಗಳೂರಿನ ಜೋಡಿಗಳು. ಪ್ರತಿ ಜೋಡಿಯ ಹತ್ತಿರವೂ ಮೊಣಕಾಲೆತ್ತರದ ರಬ್ಬರ್ ಚೆಂಡು. ಬಸುರಿಯರು ಅದರ ಮೇಲೆ ಕೂತು ಮೆಲ್ಲಗೆ ಅಲ್ಲಾಡುತ್ತಿದ್ದಾರೆ. ನಮ್ಮಲ್ಲಿ ಚೆಂಡಿಲ್ಲ ಅಂದಾಗ ಟೀಚರು ದಿಂಬು ಇದೆಯೇ ಎಂದು ಕೇಳಿದರು. ಆದವಾನಿಯವರನ್ನು ದಿಂಬು ಇದೆಯೇ ಎಂದು ಕೇಳುವುದುಂಟೇ! ಊರಿನ ಅರ್ಧ ಜನ ಜಿನ್ನಿಂಗ್ ಮಿಲ್ಲು, ಮಾರ್ಕೆಟ್ ಯಾರ್ಡು, ದಲಾಲಿ ಅಂಗಡಿ ಎಂದು ಹತ್ತಿಯನ್ನೇ ನಂಬಿದವರು. ಮುಂದಿನ ವಾರದೊಳಗೆ ನಮ್ಮ ಸೋದರಮಾವ ಹೊಸ ಹತ್ತಿ ತುಂಬಿಸಿ ಕಳಿಸಿದ ದಿಂಬುಗಳ ನಡುವೆ ನನ್ನ ಹೆಂಡತಿ ಕಾಣದಂತಾದಳು.

ಉಸಿರಾಟವೇ ಮೊದಲ ಪಾಠ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಇನ್ನೇನು ಆರಕ್ಕೆ ಬಂದೆವು ಅನ್ನುವಾಗ ಓಣಿಯಲ್ಲಿ ಕೂಗು: "ನೀರು ಬಂದ್ವು!" ನಮ್ಮೂರಿನ ಕುಡಿಯುವ ನೀರು ತುಂಗಭದ್ರೆಯ ಕೆಳಮಟ್ಟದ ಕಾಲುವೆಯಿಂದ ಬರಬೇಕು. ಅದು ಬಂದಾಗ ಮದುವೆ ಮಂಟಪದಲ್ಲಿದ್ದರೂ ಎದ್ದು ಹೋಗಬೇಕು. ನಾನು ಕೊಡಗಳತ್ತ ಓಡಿದೆ. ತುಂಬಿಸಿ ಏದುಸಿರು ಬಿಡುತ್ತ ಬಂದು ಕೂತರೆ ಟೀಚರು, "ನೋಡಿ, ಎಲ್ಲರೂ ಆ ಸಾರ್ ತರಹ ಬಾಯಿಂದ ಉಸಿರು ಬಿಡಬೇಕು" ಅಂದರು. ಆ ಕ್ಲಾಸಿನಲ್ಲಿ ನನಗೆ ಸಿಕ್ಕ ಶಹಬ್ಬಾಸ್‌ಗಿರಿ ಅದೊಂದೇ.

ಈ ಉಸಿರಿನ ವಿದ್ಯೆಯ ಚರಿತ್ರೆಯನ್ನು ಟೀಚರು ಸ್ವಲ್ಪ ಹೇಳಿದರು, ಉಳಿದದ್ದನ್ನು ಮೇಷ್ಟ್ರ ಚಾಳಿಯಿಂದ ನಾನೇ ಹುಡುಕಿಕೊಂಡೆ. ಫ್ರಾನ್ಸಿನ ಲಾಮಾಜ್ ಎಂಬ ಡಾಕ್ಟರು 1951ರಲ್ಲಿ ಸೋವಿಯತ್ ದೇಶಕ್ಕೆ ಹೋಗಿದ್ದಾಗ, ಅಲ್ಲಿ ಬಸುರಿಯರಿಗೆ ಮುಂಚಿತವಾಗಿ ಪಾಠ ಹೇಳಿ, ಮದ್ದು ಕೊಡದೆ ಹೆರಿಗೆ ಮಾಡಿಸುವುದನ್ನು ಕಂಡರಂತೆ. ಅದಕ್ಕೆ ಬುನಾದಿ ಪಾವ್ಲೋವ್‌ನ ಸಿದ್ಧಾಂತ. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ಕಥೆಯನ್ನು ನಾನೇ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಆತ ಪ್ಯಾರಿಸಿಗೆ ಮರಳಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಇದನ್ನು ಶುರು ಮಾಡಿದರು. ಈಗ ಬೆಂಗಳೂರಿನಲ್ಲಿ ದುಬಾರಿ ಫೀಸಿಗೆ ಸಿಗುವ ವಿದ್ಯೆ ಮೊದಲು ಸಿಕ್ಕಿದ್ದು ಕಬ್ಬಿಣ ಕಾಯಿಸುವವರ ಹೆಂಡಿರಿಗೆ ಎಂಬುದು ನನಗೆ ಹಿತವೆನಿಸಿತು. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. 1965ರಲ್ಲಿ ಬ್ರಾಡ್ಲಿ ಎಂಬ ಡಾಕ್ಟರು ಗಂಡನೇ ಹೆರಿಗೆಗೆ ಕೋಚ್ ಆಗಬೇಕೆಂದು ಪುಸ್ತಕವನ್ನೇ ಬರೆದರು. ಆತ ಹಳ್ಳಿಯಲ್ಲಿ, ಹೊಲಮನೆಯಲ್ಲಿ ಬೆಳೆದವರು. ದನಕರು ಸದ್ದಿಲ್ಲದೆ ಈಯುವುದನ್ನು ನೋಡಿ ನೋಡಿ ಆ ಯೋಚನೆ ಬಂದದ್ದಂತೆ.

ಈ ಮಾತನ್ನು ನಾನು ಅಜ್ಜಿಗೆ ಹೇಳಬಾರದಿತ್ತು.

"ನಿಮ್ಮಜ್ಜನೂ ಎಮ್ಮಿ ಈಯೋವಾಗ ಕಂದೀಲು ಹಿಡಕೊಂಡು ರಾತ್ರಿಯೆಲ್ಲಾ ಕೊಟ್ಟಿಗ್ಯಾಗ ಕುಂತಿರ್ತಿದ್ದ. ಅದರ ಬೆನ್ನು ಸವರ್ತಿದ್ದ, ಬೆಲ್ಲ ತಿನಿಸ್ತಿದ್ದ. ನಾನು ನಿಮ್ಮಪ್ಪನ್ನ ಹಡಿಯೋವಾಗ ಬಂಡಿ ಕಟಿಗೊಂಡು ಆದವಾನಿಗೆ ಹತ್ತಿ ಮಾರಾಕ ಹೋಗಿದ್ದ. ಎರಡು ದಿನ ಆದ ಮ್ಯಾಲ ಬಂದ. ಬಾಗಿಲಾಗ ನಿಂತು, ಹತ್ತಿ ರೇಟು ಬಿದ್ದೈತಿ ಅಂದ. ಆಮ್ಯಾಲ ಕೂಸು ಗಂಡೋ ಹೆಣ್ಣೋ ಅಂತ ಕೇಳಿದ."

ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅಜ್ಜಿ ನಗಲಿಲ್ಲ. ಆಕೆಗೆ ಅದು ನಗುವ ವಿಷಯ ಅಂತ ಈಗಲೂ ಅನ್ನಿಸಿಲ್ಲ.

ಅಲ್ಲಿಂದಾಚೆ ಅಜ್ಜಿ ಪ್ರತಿ ಶನಿವಾರ ಬಾಗಿಲ ಹೊಸ್ತಿಲಿಗೆ ಬಂದು ಕೂರತೊಡಗಿದಳು, ಅವರೆಕಾಯಿ ಸುಲಿಯುವ ನೆವ ಮಾಡಿಕೊಂಡು. ಒಂದು ವಾರ ಟೀಚರು ಹೆರಿಗೆಯ ಭಂಗಿಗಳ ಪಾಠ ತೆಗೆದರು. ಅಂಗಾತ ಮಲಗಿಯೇ ಹೆರಬೇಕೆಂದೇನಿಲ್ಲ, ನಿಲ್ಲಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು ಎನ್ನುತ್ತ ಒಂದು ಚಿತ್ರ ತೋರಿಸಿದರು. ವಿದೇಶದ ಯಾವುದೋ ಆಸ್ಪತ್ರೆ; ಮಂದ ದೀಪ; ಸೂರಿನಿಂದ ಇಳಿಬಿಟ್ಟ ಉದ್ದನೆಯ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಸುರಿಯೊಬ್ಬಳು ಜೋತಿದ್ದಾಳೆ. ಅಜ್ಜಿ ಅವರೆಕಾಯಿ ಬಿಟ್ಟು ಎದ್ದು ಬಂದಳು. ಕನ್ನಡಕ ಮೂಗಿಗೆ ಇಳಿಸಿ ನೋಡಿದಳು.

"ಇದು ನಮ್ಮ ತೊಲಿ ಹಗ್ಗ ಅಲ್ಲೇನ?"

ಹೊಳಗುಂದಿ ಕಡೆಯ ಅವಳ ತವರಿನಲ್ಲಿ ಬ್ಯಾನೆ ಶುರುವಾದೊಡನೆ ಸೂಲಗಿತ್ತಿ ಬಂದು ಮಾಡುತ್ತಿದ್ದ ಮೊದಲ ಕೆಲಸ ತೊಲೆಗೆ ಹಗ್ಗ ಬಿಗಿಯುವುದು. ಬಸುರಿ ಅದನ್ನು ಹಿಡಿದು ಕುಕ್ಕರಗಾಲಿನಲ್ಲಿ ಕೂರಬೇಕು. ಹಿಂದೆ ಇನ್ನೊಬ್ಬಳು ಕೂತು ಮೊಣಕಾಲನ್ನು ಅವಳ ಸೊಂಟಕ್ಕೆ ಆನಿಸಿ ಒತ್ತಬೇಕು. ಔಡಲೆಣ್ಣೆ, ಬಿಸಿನೀರು, ಇಷ್ಟೇ ಸಾಮಗ್ರಿ. "ಮಲಗಿಸಿದ್ರ ಕೂಸು ಗುಡ್ಡ ಹತ್ತಬೇಕಾಗ್ತೈತಿ, ಕುಂದರ್ಸಿದ್ರ ಇಳಿಜಾರು" ಎಂದು ಅಜ್ಜಿ ಮೊಬೈಲಿನ ಕಡೆಗೇ ತಿರುಗಿ ಹೇಳಿದಳು. ಟೀಚರು ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ವಿವರಿಸಿದರು. ವೈಟ್‌ಫೀಲ್ಡಿನ ಗಂಡನೊಬ್ಬ ಬರೆದುಕೊಂಡ.

ಅಜ್ಜಿ ಅಷ್ಟಕ್ಕೇ ನಿಲ್ಲಿಸಿದ್ದರೆ ಹಳೆಯ ಕಾಲವೇ ಚೆಂದ ಎಂದು ಎಲ್ಲರೂ ಒಪ್ಪಿ ಮಲಗಬಹುದಿತ್ತು. ರಾತ್ರಿ ಊಟವಾದ ಮೇಲೆ, ಹಗ್ಗ ಹಿಡಿದು ಮತ್ತೆ ಏಳದವರ ಹೆಸರುಗಳನ್ನೂ ಹೇಳಿದಳು. ಅದರಲ್ಲಿ ಅವಳ ಅಕ್ಕನೂ ಒಬ್ಬಳು. ಸೂಲಗಿತ್ತಿಯ ತಪ್ಪೇನಿರಲಿಲ್ಲ, ರಕ್ತ ನಿಲ್ಲಲಿಲ್ಲ, ಬಂಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರಲ್ಲ, ಅಂಥ ಕೈಗಳು ನಮ್ಮ ಸೀಮೆಯಲ್ಲೂ ಇದ್ದವು. ಆದರೆ ಆ ಕೈಗಳ ಹಿಂದೆ ಒಂದು ಗಾಡಿ ನಿಂತಿರಬೇಕಿತ್ತು. ಆಂಧ್ರದಲ್ಲಿ 108 ಗಾಡಿ ಓಡಾಡಲು ಶುರುವಾದದ್ದು 2005ರಲ್ಲಿ. ಅದರ ಸೈರನ್ ಕೇಳಿದಾಗೆಲ್ಲ ಅಜ್ಜಿ ಈಗಲೂ ಕೈಮುಗಿಯುತ್ತಾಳೆ. ಒಳಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ.

ಇನ್ನು ಸೋರೆಕಾಯಿಯ ವಿಷಯ. ಕೂಸನ್ನು ಬಟ್ಟೆಯಲ್ಲಿ ಸುತ್ತುವ ಪಾಠಕ್ಕೆ ಎಲ್ಲರೂ ಗೊಂಬೆ ಇಟ್ಟುಕೊಂಡು ಬರಬೇಕೆಂದು ಸೂಚನೆ ಬಂದಿತ್ತು. ನಾನು ಮರೆತಿರಲಿಲ್ಲ, ಗೊಂಬೆ ಕೊಂಡರೆ ಅಂಗಡಿಯವನು ಕಾರಣ ಕೇಳುತ್ತಾನಲ್ಲ, ಅವನು ನನ್ನ ಹಳೆಯ ವಿದ್ಯಾರ್ಥಿ. ಹಾಗಾಗಿ ಅಡುಗೆಮನೆಯಲ್ಲಿದ್ದ ಸೋರೆಕಾಯಿಯೇ ಕೂಸಾಯಿತು. ತೂಕವೂ ಸರಿಸುಮಾರು ಅಷ್ಟೇ. ಅಜ್ಜಿಯ ಹಳೆಯ ಮೆತ್ತನೆ ಸೀರೆಯ ತುಂಡನ್ನು ಮೂಲೆ ಮಡಿಸಿ ಹಾಸಿ, ಸೋರೆಕಾಯಿಯನ್ನು ಮಲಗಿಸಿ, ಬಲಗಡೆಯ ಸೆರಗನ್ನು ಎಡಕ್ಕೆ ತಂದು ಒಳಗೆ ಸಿಕ್ಕಿಸಿ, ಕೆಳಗಿನದನ್ನು ಮೇಲಕ್ಕೆ ಮಡಚಿದೆ. ಅಂದವಾಗಿ ಬಂತು. ನನ್ನ ಹೆಂಡತಿ ಎಲ್ಲಿಂದಲೋ ಒಂದು ಪುಟ್ಟ ಕುಲಾವಿ ತಂದು ಅದರ ತೊಟ್ಟಿನ ಕಡೆಗೆ ತೊಡಿಸಿದಳು. ಹೊಲಿಸಿದ್ದು ಯಾರು ಎಂದು ಕೇಳಿದೆ. ಇಬ್ಬರೂ ಅಜ್ಜಿಯ ಕಡೆ ನೋಡಿದೆವು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು.

"ತಲಿ ಯಾವ ಕಡಿ ಅಂತ ಗೊತ್ತೈತೇನ ನಿನಗ? ಕುಂಡಿಗೆ ಕುಲಾವಿ ಹಾಕೀರಿ" ಅಂದಳು ಕೊನೆಗೆ.

ಆ ರಾತ್ರಿ ಅದೇ ಸೋರೆಕಾಯಿ ಹುಳಿಯಾಗಿ ಬಂತು. ನನ್ನ ಹೆಂಡತಿ ಮುಟ್ಟಲಿಲ್ಲ. ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದಳು. ನಾನು ತಿಂದೆ, ಆದರೆ ರುಚಿ ಹತ್ತಲಿಲ್ಲ.

ಇದೆಲ್ಲ ಶನಿವಾರದ ಮಾತು. ನಿಜವಾದ ಕ್ಲಾಸು ನಡೆಯುತ್ತಿದ್ದುದು ತಿಂಗಳ 9ನೇ ತಾರೀಕು. 2016ರಿಂದೀಚೆಗೆ ದೇಶದಾದ್ಯಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ದಿನ ಬಸುರಿಯರಿಗೆ ಡಾಕ್ಟರು ಉಚಿತವಾಗಿ ತಪಾಸಣೆ ಮಾಡುತ್ತಾರೆ. ವರಾಂಡದ ತುಂಬ ಕಾರ್ಡು ಹಿಡಿದ ಹೆಂಗಸರು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು ಎಂಬುದನ್ನು ನರ್ಸಮ್ಮ ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ ಹೇಳುತ್ತಿದ್ದರು. ಮೂರರಲ್ಲೂ ಬೈಗುಳ ಒಂದೇ. ಗಂಡಸರೆಲ್ಲ ಗೇಟಿನಾಚೆ ಚಹಾ ಕುಡಿಯುತ್ತ, ಉಗ್ಗಾಣಿ ಬಜ್ಜಿ ತಿನ್ನುತ್ತ ಕೂತಿರುತ್ತಿದ್ದರು. ಕೋಸಿಗಿ, ಕೌತಾಳಂ, ಹಾಲಹರ್ವಿ, ಎಲ್ಲ ಕಡೆಯವರು.

ಅಲ್ಲಿನ ಪಠ್ಯವೇ ಬೇರೆ. ಉರುಕುಂದಿ ಈರಣ್ಣನಿಗೆ ಹರಕೆ ಹೊತ್ತು ಮೂರನೆಯದಕ್ಕೆ ಕಾಯುತ್ತಿದ್ದ ಒಬ್ಬ ಹಿರಿಯ ಅದರ ಪ್ರೊಫೆಸರು. ಹಳೆಯ ಸೀರೆ ಒಗೆದು ಒಣಗಿಸಿ ಇಟ್ಟಿರಬೇಕು, ಹೊಸದು ಕೂಸಿನ ಮೈಗೆ ಚುಚ್ಚುತ್ತದೆ. ಆಧಾರ್ ಕಾರ್ಡಿನ ಜೆರಾಕ್ಸು ಹಗಲು ಹೊತ್ತೇ ಮಾಡಿಸಿಡಬೇಕು, ಹೆರಿಗೆ ಆಗುವುದು ರಾತ್ರಿ, ಜೆರಾಕ್ಸ್ ಅಂಗಡಿ ಮುಚ್ಚಿರುತ್ತದೆ. ಫ್ಲಾಸ್ಕಿನ ಮುಚ್ಚಳ ಕಳೆಯಬಾರದು. ಹತ್ತು ರೂಪಾಯಿ ನೋಟು ಜೇಬಿನ ತುಂಬ ಇರಬೇಕು. ಬೆಂಗಳೂರಿನ ಟೀಚರು ಕಳಿಸಿದ ಪಟ್ಟಿಯಲ್ಲಿ ಸುಗಂಧದ ಮೇಣದಬತ್ತಿ, ಇಷ್ಟದ ಹಾಡುಗಳು ಎಂದೆಲ್ಲ ಇತ್ತು. ಎರಡನ್ನೂ ಹೋಲಿಸಿ ನೋಡಿ ನಾನು ಹಿರಿಯನ ಪಟ್ಟಿಯನ್ನು ಬರೆದುಕೊಂಡೆ.

ನಾನು ಕ್ಲಾಸಿಗೆ ಹೋಗುವ ಸುದ್ದಿ ಅವರಿಗೆ ತಿಳಿದದ್ದು ನನ್ನ ಬಾಯಿಂದಲೇ. ಬೆಂಚಿನ ಮೇಲೆ ನಗು ಎದ್ದಿತು. ಆದರೆ ಕೋಸಿಗಿಯ ಒಬ್ಬ ಹುಡುಗ ನಗಲಿಲ್ಲ. "ಗಂಡಸ್ರಿಗೆ ಏನ್ ಹೇಳಿಕೊಡ್ತಾರ ಸಾರ್?" ಎಂದ. ಬ್ಯಾನೆ ಬಂದಾಗ ಸೊಂಟದ ಕೆಳಗೆ ಒತ್ತಬೇಕು ಅಂದೆ. "ಎಲ್ಲಿ, ತೋರಸ್ರಿ" ಎಂದು ಬೆನ್ನು ತಿರುಗಿಸಿ ಕೂತೇಬಿಟ್ಟ. ಅಂಗೈ ಮೂಲವನ್ನು ಬೆನ್ನುಮೂಳೆಯ ಬುಡಕ್ಕೆ ಕೊಟ್ಟು, ಟೀಚರು ಹೇಳಿದ ಹಾಗೆ ಸಮನಾಗಿ ಭಾರ ಬಿಟ್ಟೆ. ಮಿಲ್ಲಿನಲ್ಲಿ ಹತ್ತಿ ಬೇಲು ಉರುಳಿಸುವ ಹುಡುಗ ಅವನು. ಕಣ್ಣು ಮುಚ್ಚಿಕೊಂಡ. "ಅಲ್ಲೇ ಸಾರ್... ಅಲ್ಲೇ... ಬಿಡಬ್ಯಾಡ್ರಿ" ಅಂದ. ಬಿಡಲಿಲ್ಲ. ನೋಡನೋಡುತ್ತ ಪ್ರೊಫೆಸರು ಸೇರಿದಂತೆ ಒಬ್ಬೊಬ್ಬರೇ ಬೆನ್ನು ಕೊಟ್ಟರು. ಒಳಗೆ ತಪಾಸಣೆ ಮುಗಿಸಿ ಬಂದ ಹೆಂಗಸರಿಗೆ ಕಂಡದ್ದು, ಚಹಾದಂಗಡಿ ಮುಂದೆ ಸಾಲಾಗಿ ಕೂತು ಒಬ್ಬರ ಬೆನ್ನು ಒಬ್ಬರು ಒತ್ತಿಕೊಳ್ಳುತ್ತಿರುವ ಅವರ ಗಂಡಂದಿರು.

ಆ ಹುಡುಗ ಮುಂದಿನ ತಿಂಗಳು ಬರಲಿಲ್ಲ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗಿದ್ದನಂತೆ. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಊರಿಗೆ ಊರೇ ಗಂಟುಮೂಟೆ ಕಟ್ಟುತ್ತದೆ. ಕೆಲವು ಸಲ ತುಂಬು ಬಸುರಿಯರೂ ಲಾರಿ ಹತ್ತುತ್ತಾರೆ. ಅವನ ಹೆಂಡತಿ ಒಬ್ಬಳೇ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಳು.

ಹೆಂಡತಿಯನ್ನು ತವರಿಗೆ ಕಳಿಸುವ ಮುನ್ನ ಮಂತ್ರಾಲಯಕ್ಕೆ ಹೋಗಿ ಬಂದೆವು. ರಾಯರು ಪ್ರಹ್ಲಾದನ ಅವತಾರ ಎಂಬುದು ನಂಬಿಕೆ. ಆ ಪ್ರಹ್ಲಾದ ತಾಯಿಯ ಹೊಟ್ಟೆಯಲ್ಲಿದ್ದುಕೊಂಡೇ ನಾರದರ ಪಾಠ ಕೇಳಿದವನು. ಭಾಗವತದ ಪ್ರಕಾರ ಕಯಾಧುವನ್ನು ನಾರದರು ಆಶ್ರಮದಲ್ಲಿಟ್ಟುಕೊಂಡು ಉಪದೇಶ ಮಾಡಿದರು. ಕಾಲಕ್ರಮದಲ್ಲಿ ತಾಯಿ ಮರೆತಳು, ಮಗ ಮರೆಯಲಿಲ್ಲ. ಬೃಂದಾವನದ ಸುತ್ತ ಪ್ರದಕ್ಷಿಣೆ ಹಾಕುವಾಗ ನನಗೆ ಆ ಹಾಜರಿ ಪುಸ್ತಕ ಕಣ್ಣಿಗೆ ಕಟ್ಟಿತು. ತಾಯಿ ಹಾಜರು, ಕೂಸು ಹಾಜರು. ತಂದೆ ಗೈರು. ಹಿರಣ್ಯಕಶಿಪು ಆಗ ತಪಸ್ಸಿಗೆ ಹೋಗಿದ್ದ. ಅವನ ಗುಂಟೂರು ಮಂದರ ಪರ್ವತ. ಮುಂದೆ ತಂದೆ ಮಗನಿಗೆ ಒಂದು ಮಾತೂ ಸರಿಹೊಂದದೆ ಹೋದದ್ದಕ್ಕೆ ಆ ಗೈರುಹಾಜರಿಯೇ ಕಾರಣವೇನೋ ಎಂದು ಹೆಂಡತಿಗೆ ಹೇಳಿದೆ. "ದೇವರ ಮುಂದ ಸುಮ್ನ ನಡೀರಿ" ಅಂದಳು.

ಹೆಂಡತಿಯ ತವರು ಸಿರುಗುಪ್ಪ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಸಿರುಗುಪ್ಪ ಮೈಸೂರಿಗೆ ಹೋಯಿತು. ಬೀಗರು ಮಾತ್ರ ಇದ್ದಲ್ಲೇ ಉಳಿದರು. ಹೀಗಾಗಿ ನನ್ನ ಹೆಂಡತಿಯ ಚೀಲದಲ್ಲಿ ಆಂಧ್ರದ ಕಾರ್ಡೊಂದು, ಕರ್ನಾಟಕದ ತಾಯಿ ಕಾರ್ಡೊಂದು. ತೂಕ ಎರಡರಲ್ಲೂ ಬೇರೆ ಬೇರೆ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು ಎಂಬಲ್ಲಿ ಎರಡೂ ರಾಜ್ಯಗಳು ಒಂದೇ. ನಮ್ಮ ಪದ್ಧತಿಯಲ್ಲಿ ಇದೊಂದು ಗಮ್ಮತ್ತು. ಗಂಡ ಹೆಂಡತಿ ಒಟ್ಟಿಗಿರಬೇಕು ಎಂದು ಬೆಂಗಳೂರಿನ ಕ್ಲಾಸು ಒತ್ತಿ ಒತ್ತಿ ಹೇಳುವ ತಿಂಗಳಿಗೆ ಸರಿಯಾಗಿ ನಾವು ಅವರನ್ನು ಬೇರೆ ಬೇರೆ ಊರಿಗೆ ಕಳಿಸುತ್ತೇವೆ.

ಹೊರಡುವ ಹಿಂದಿನ ಶನಿವಾರ ಪಾಠದ ನಡುವೆ ಕರೆಂಟು ಹೋಯಿತು. ನೆಟ್‌ವರ್ಕೂ ಹೋಯಿತು. ನಾವು ಏಳಲಿಲ್ಲ. ಟೀಚರಿಲ್ಲದೆಯೇ ನಾಲ್ಕು ಒಳಗೆ, ಆರು ಹೊರಗೆ ಎಣಿಸುತ್ತ ಕೂತೆವು. ಎಣಿಸುವವನು ನಾನು, ಉಸಿರಾಡುವವಳು ಅವಳು. ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಾನು ಎಣಿಸುತ್ತಲೇ ಇದ್ದೆ. ಕೂಸಿಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟ ಆ ಕ್ಲಾಸು, ನೀವಿಬ್ಬರೇ ಇರುವ ಸಂಜೆಗಳು ಇವೇ ಕೊನೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಇನ್ನೊಂದಿಷ್ಟು ದಿನ ಕಳಿಸದೆ ಇರುತ್ತಿದ್ದೆನೇನೋ. ಇಲ್ಲ, ಅತ್ತೆ ಬಿಡುತ್ತಿರಲಿಲ್ಲ.

ಕೊನೆಯ ಕ್ಲಾಸಿನಲ್ಲಿ ನಾವು ಎರಡು ಚೌಕಗಳಾಗಿದ್ದೆವು; ಆದವಾನಿಯಲ್ಲೊಂದು, ಸಿರುಗುಪ್ಪದಲ್ಲೊಂದು. "ಗಂಡಂದಿರು ಈಗ ಹೆಂಡತಿಯ ಬೆನ್ನು ಒತ್ತಿ" ಎಂದರು ಟೀಚರು. ನಾನು ದಿಂಬು ಒತ್ತಿದೆ. ಅತ್ತ ಹೆಂಡತಿಯ ಚೌಕದಲ್ಲಿ ಹಸಿರು ಬಳೆ ತುಂಬಿದ ಎರಡು ಕೈ ಕಂಡವು. ಅತ್ತೆಯ ಕೈ. "ಹಿಂಗೇನ್ರಿ ಟೀಚರ್?" ಎಂಬ ದನಿಯೂ ಕೇಳಿತು. ಹೌದು, ಹಾಗೇ, ತುಂಬಾ ಚೆನ್ನಾಗಿದೆ ಅಂದರು ಟೀಚರು. ನನ್ನ ದಿಂಬಿನ ಬಗ್ಗೆ ಏನೂ ಹೇಳಲಿಲ್ಲ. ಮರುದಿನ ಸರ್ಟಿಫಿಕೇಟ್ ಬಂತು, ನನ್ನ ಮತ್ತು ಹೆಂಡತಿಯ ಹೆಸರಿನಲ್ಲಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಬಸುರಿಯ ಜೊತೆ ಒಬ್ಬರು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹಾಗೆ ಇರುವವಳು ಹೆಂಗಸಾಗಿರಬೇಕು, ಸ್ವತಃ ಹೆತ್ತ ಅನುಭವವಿರಬೇಕು. ಮರೆ, ಪರದೆ ಸರಿಯಾಗಿರುವ ಕಡೆ ಗಂಡನೂ ಇರಬಹುದು ಎಂಬ ಮಾತೂ ಅದರಲ್ಲಿದೆ. ಅದನ್ನು ನಾನು ಅಡಿಗೆರೆ ಎಳೆದು ಇಟ್ಟುಕೊಂಡಿದ್ದೆ. ಪ್ರಯೋಜನವಾಗಲಿಲ್ಲ. ಬ್ಯಾನೆ ಶುರುವಾಯಿತೆಂದು ಫೋನು ಬಂದದ್ದು ನಡುರಾತ್ರಿ. ಬಸ್ಸಿಲ್ಲ. ಆಟೋದವನ ನಂಬರು ಬರೆದಿಟ್ಟಿದ್ದೆನಲ್ಲ, ಅವನು ಎತ್ತಲಿಲ್ಲ. ಯಾರ್ಡಿನ ಹತ್ತಿರ ಹೋಗಿ ನಿಂತೆ. ಹತ್ತಿ ಇಳಿಸಿ ಖಾಲಿಯಾಗಿ ಕರ್ನಾಟಕದ ಕಡೆ ಹೊರಟಿದ್ದ ಲಾರಿಯೊಂದು ಹತ್ತಿಸಿಕೊಂಡಿತು.

ಬೆಳಗಾಗುವಷ್ಟರಲ್ಲಿ ಸಿರುಗುಪ್ಪ ಮುಟ್ಟಿದೆ. ಅಂಗಿ ತುಂಬ ಹತ್ತಿಯ ಎಳೆ. ಅತ್ತೆ ವರಾಂಡದಲ್ಲೇ ಸಿಕ್ಕರು, ಗೆದ್ದು ಬಂದ ಮುಖ.

"ಹೆಣ್ಣು ಕೂಸು, ಅಳಿಯಂದ್ರ. ನಾ ಒಳಗ ಇದ್ದೆ. ನಾಕು ಒಳಗ, ಆರು ಹೊರಗ, ಎಲ್ಲಾ ನಾನ ಎಣಿಸಿದೆ. ಬೆನ್ನೂ ಒತ್ತಿದೆ. ನರ್ಸಮ್ಮ, ಎಲ್ಲಿ ಕಲ್ತಿ ಅಂತ ಕೇಳಿದ್ಲು." ಸ್ವಲ್ಪ ತಡೆದು ಸೇರಿಸಿದರು: "ಆ ಬೆಂಗ್ಳೂರಿನಾಕಿಗೆ ಹೇಳಿ ಸಲ್ಟಿಫಿಕೇಟಿನ್ಯಾಗ ನಿಮ್ಮ ಹೆಸರು ತೆಗಿಸ್ರಿ. ನಂದು ಹಾಕಸ್ರಿ."

ಒಪ್ಪಿಕೊಂಡೆ. ಒಳಗೆ ಹೋದೆ. ಹೆಂಡತಿ ಸುಸ್ತಾಗಿ ಮಲಗಿದ್ದಳು. ಪಕ್ಕದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಗಂಟು. ನನ್ನನ್ನು, ನನ್ನ ಅಂಗಿಯನ್ನು, ತಲೆಗೂದಲಿಗೆ ಅಂಟಿದ್ದ ಹತ್ತಿಯನ್ನು ನಿಧಾನವಾಗಿ ನೋಡಿದಳು.

"ಹತ್ತಿ ರೇಟು ಎಷ್ಟೈತ್ರಿ?" ಅಂದಳು.

ನನಗೆ ಗೊತ್ತಿತ್ತು. ಲಾರಿ ಡ್ರೈವರು ದಾರಿಯುದ್ದಕ್ಕೂ ಅದನ್ನೇ ಹೇಳಿದ್ದ. ಹೇಳಿದೆ.